ಕೌದಿ ಹೊಲಿಯುವ ಮುನ್ನ: ಬಟ್ಟೆ ಮತ್ತು ನೀರಿನ ಲೆಕ್ಕ

(ನಂದಿ ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ಮಹಿಳೆಯರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಹೊಲಿಗೆ ಶಿಬಿರದಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಪರಿಸರದ ವೇದಿಕೆಯಲ್ಲಿ ಬಟ್ಟೆ ನೆನೆಸುವ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಮೊದಲು ನನ್ನದೇ ಒಂದು ತಪ್ಪನ್ನು ಹೇಳಿ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಬಾಣಂತನಕ್ಕೆಂದು ಒಂದು ಹೊದಿಕೆ ಹೊಲಿದೆ. ಮೇಲ್ಭಾಗಕ್ಕೆ ಹೊಸ ಫ್ಲಾನಲ್, ಒಳಭಾಗಕ್ಕೆ ಮೆತ್ತನೆಯ ಫ್ಲೀಸ್. ಒಂದು ತಿಂಗಳ ಬಿಡುವಿನ ವೇಳೆಯೆಲ್ಲ ಅದಕ್ಕೇ ಹೋಯಿತು. ಮೊದಲ ಒಗೆತಕ್ಕೆ ಫ್ಲಾನಲ್ ಕುಗ್ಗಿತು, ಫ್ಲೀಸ್ ಇದ್ದಂತೆಯೇ ಉಳಿಯಿತು. ಹೊದಿಕೆ ಒಣಗಿದ ಹಪ್ಪಳದಂತೆ ಸೊಟ್ಟಗಾಯಿತು, ಕೆಂಪು ಅಂಚಿನ ಬಣ್ಣ ಬಿಳಿಯ ಭಾಗಕ್ಕೆಲ್ಲ ಹರಡಿತು. ಅಮ್ಮ ಅದನ್ನು ನೋಡಿ, "ನಮ್ಮ ಕಾಲದ ಕೌದಿ ಹೀಗಾಗಿದ್ದನ್ನು ನಾನು ಕಾಣೆ" ಎಂದರು.

ಅಮ್ಮನ ಮಾತಿನಲ್ಲಿ ನಿಜವಿತ್ತು. ನಮ್ಮ ಗಡಿಸೀಮೆಯಲ್ಲಿ ತೆಲುಗು ಬಲ್ಲವರು ಬೊಂತೆ ಎನ್ನುವ, ಉತ್ತರ ಕರ್ನಾಟಕದವರು ಕೌದಿ ಎನ್ನುವ ಹೊದಿಕೆಯನ್ನು ಹೊಲಿಯುತ್ತಿದ್ದುದು ಹಳೆಯ ಸೀರೆ, ಪಂಚೆಗಳಿಂದ. ಅವು ನೂರಾರು ಬಾರಿ ಒಗೆತ ಕಂಡ ಬಟ್ಟೆಗಳು. ಕುಗ್ಗುವಷ್ಟೂ ಕುಗ್ಗಿ, ಬಿಡುವಷ್ಟೂ ಬಣ್ಣ ಬಿಟ್ಟ ಮೇಲೆಯೇ ಅವು ಸೂಜಿಗೆ ಬರುತ್ತಿದ್ದವು. ಅಜ್ಜಿಯರಿಗೆ ಬೇಡವಾಗಿದ್ದ ಈ ಪಾಠ ನಮಗೆ ಬೇಕಾಗಿರುವುದು ನಾವು ಹೊಸ ಬಟ್ಟೆ ಕೊಂಡು ಹೊಲಿಯುತ್ತಿರುವುದರಿಂದ.

ಹೊಸ ಹತ್ತಿ ಬಟ್ಟೆ ಕುಗ್ಗುವುದೇಕೆ? ಮಗ್ಗದಲ್ಲಿಯೂ ಆಮೇಲಿನ ಯಂತ್ರಗಳಲ್ಲಿಯೂ ನೂಲನ್ನು ಬಿಗಿಯಾಗಿ ಎಳೆದಿರುತ್ತಾರೆ. ನೀರು ತಾಗಿದೊಡನೆ ಹತ್ತಿಯ ಎಳೆ ಉಬ್ಬುತ್ತದೆ, ಬಿಗಿ ಸಡಿಲುತ್ತದೆ, ನೂಲು ತನ್ನ ಸಹಜ ಅಳತೆಗೆ ಮರಳುತ್ತದೆ. ಹಾಸಿನ ಎಳೆಗಳಿಗೆ ಎಳೆತ ಹೆಚ್ಚಾದ್ದರಿಂದ ಸಾಮಾನ್ಯವಾಗಿ ಬಟ್ಟೆ ಉದ್ದದಲ್ಲಿ ಹೆಚ್ಚು ಕುಗ್ಗುತ್ತದೆ. ಈ ತೊಂದರೆಗೆಂದೇ ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ ಎಂಬವರು ಬಟ್ಟೆಯನ್ನು ಕಾರ್ಖಾನೆಯಲ್ಲಿಯೇ ಕುಗ್ಗಿಸುವ ಯಂತ್ರವಿಧಾನ ಕಂಡುಹಿಡಿದು 1930ರಲ್ಲಿ ಪೇಟೆಂಟ್ ಪಡೆದರು. ಹಿರಿಯರು ಅಂಗಡಿಯಲ್ಲಿ ಕೇಳಿರುವ 'ಸ್ಯಾನ್‌ಫರೈಸ್ಡ್' ಎಂಬ ಮಾತು ಅವರ ಹೆಸರಿನಿಂದಲೇ ಬಂದದ್ದು. ಆದರೆ ಅಗ್ಗದ ಫ್ಲಾನಲ್ಲಿಗೆ ಇಂಥ ಸಂಸ್ಕಾರವನ್ನು ನಂಬಿ ಕೂರುವಂತಿಲ್ಲ. ಶಿಡ್ಲಘಟ್ಟದ ರೀಲರುಗಳ ಮನೆಯವರಿಗೆ ಇದು ಸುಲಭವಾಗಿ ಅರ್ಥವಾದೀತು. ಗೂಡಿನಿಂದ ತೆಗೆದ ಕಚ್ಚಾ ರೇಷ್ಮೆಯನ್ನು ಸೋಪಿನ ನೀರಲ್ಲಿ ಕುದಿಸಿದರೆ ಅಂಟು ಕಳೆದು ಸುಮಾರು ಕಾಲುಭಾಗ ತೂಕವೇ ಇಳಿಯುತ್ತದೆ. ಹೊಸ ಬಟ್ಟೆಯೂ ಹಾಗೆಯೇ. ಅಂಗಡಿಯಲ್ಲಿ ಕಾಣುವ ಅಳತೆ ಅದರ ಕೊನೆಯ ಅಳತೆಯಲ್ಲ.

ಆದ್ದರಿಂದ ಮೊದಲು ಪರೀಕ್ಷೆ ಮಾಡಿರಿ. ಬಟ್ಟೆಯ ಮೇಲೆ 50 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಚೌಕವನ್ನು ದಾರದಿಂದ ಗುರುತಿಸಿ, ನೆನೆಸಿ, ಒಣಗಿಸಿ, ಮತ್ತೆ ಅಳೆಯಿರಿ. 48 ಬಂದರೆ ಬಟ್ಟೆ ನೂರಕ್ಕೆ 4ರಷ್ಟು ಕುಗ್ಗಿದೆ ಎಂದರ್ಥ. 240 ಸೆಂಟಿಮೀಟರ್ ಬೇಕಿದ್ದವರು 250 ಕೊಳ್ಳಬೇಕು. ಶಾಲೆಯ ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ನೆನೆಸುವ ಕ್ರಮ ಸರಳ. ಎಳೆ ಬಿಚ್ಚದಂತೆ ಕತ್ತರಿಸಿದ ಅಂಚುಗಳಿಗೆ ಒಂದು ಓಟದ ಹೊಲಿಗೆ ಹಾಕಿ. ಹೊದಿಕೆಯನ್ನು ಮುಂದೆ ಬಿಸಿನೀರಿನಲ್ಲಿ ಒಗೆಯುವುದಾದರೆ ಈಗಲೂ ಬಿಸಿನೀರನ್ನೇ ಬಳಸಬೇಕು, ಇಲ್ಲವಾದರೆ ತಣ್ಣೀರು ಸಾಕು. ಸೋಪು ಬೇಡ. ಒಂದು ಗಂಟೆ ನೆನೆಸಿ, ಹಿಂಡದೆ ನೀರು ಇಳಿಸಿ, ನೆರಳಿನಲ್ಲಿ ಹರಡಿ ಒಣಗಿಸಿ. ಇನ್ನೂ ತುಸು ತೇವವಿರುವಾಗಲೇ ಇಸ್ತ್ರಿ ಹಾಕಿದರೆ ಕತ್ತರಿಸುವಾಗ ಗೆರೆ ನೇರವಾಗಿ ಬರುತ್ತದೆ. ಕಡು ಬಣ್ಣದ ಬಟ್ಟೆಯಾದರೆ ಒದ್ದೆ ಮಾಡಿದ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ಇಂದಿನ ಬಣ್ಣಗಳ ಮಟ್ಟಿಗೆ ಹುಸಿ. ಹೆಚ್ಚುವರಿ ಬಣ್ಣ ತೊಳೆದು ಹೋಗಬೇಕು, ಅಷ್ಟೇ.

ಇಲ್ಲಿ ನೀರಿನ ಪ್ರಶ್ನೆ ಬರುತ್ತದೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಹುಟ್ಟುವ ಬೆಟ್ಟಸಾಲು ನಮ್ಮದು. ಆದರೂ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ರೈತರು ಸಾವಿರ ಅಡಿಗೂ ಮಿಕ್ಕಿ ಕೊಳವೆಬಾವಿ ಕೊರೆಯಿಸಬೇಕಾದ ಸ್ಥಿತಿ ಬಂದಿದೆ. ಅಂಥ ನೀರನ್ನು ಹೊಸ ಬಟ್ಟೆ ಜಾಲಿಸಲು ಹರಿಯಬಿಡುವ ಮುನ್ನ ಯೋಚಿಸಬೇಕು. ತಿಳಿ ಬಣ್ಣದ ಬಟ್ಟೆಯನ್ನು ಮೊದಲು, ಕಡು ಬಣ್ಣದ್ದನ್ನು ಅದೇ ನೀರಿನಲ್ಲಿ ನಂತರ ನೆನೆಸಿದರೆ ಎರಡು ಬಕೆಟ್ ನೀರಿನಲ್ಲಿ ಹೆಚ್ಚಿನ ಕೆಲಸ ಮುಗಿಯುತ್ತದೆ. ಉಳಿದ ನೀರಿನಲ್ಲಿ ಗಂಜಿಯೂ ಬಣ್ಣವೂ ಇರುವುದರಿಂದ ಅದು ಶೌಚಾಲಯಕ್ಕೆ, ಅಂಗಳಕ್ಕೆ ಸಲ್ಲಲಿ. ತರಕಾರಿ ಮಡಿಗೂ ಹಿಪ್ಪುನೇರಳೆ ತೋಟಕ್ಕೂ ಬೇಡ.

ಇನ್ನು ಫ್ಲೀಸ್. ಹೆಸರು ಕುರಿಯ ತುಪ್ಪಟವನ್ನು ನೆನಪಿಸಿದರೂ ಇದು ಪಾಲಿಯೆಸ್ಟರ್, ಎಂದರೆ ನೀರಿನ ಬಾಟಲಿಯ ಜಾತಿಯ ಪ್ಲಾಸ್ಟಿಕ್. ಇದು ಕುಗ್ಗುವುದಿಲ್ಲವೆಂದೇ ಹೇಳಬಹುದು, ಬಣ್ಣ ಬಿಡುವುದೂ ಕಡಿಮೆ. ಆದ್ದರಿಂದ ಹೊಲಿಯುವ ಮುನ್ನ ಇದನ್ನು ಒಗೆಯುವ ಅಗತ್ಯವಿಲ್ಲ. ಒಗೆದಷ್ಟೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ. 2016ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಂತೆ, ಯಂತ್ರದಲ್ಲಿ 6 ಕಿಲೋ ಅಕ್ರಿಲಿಕ್ ಬಟ್ಟೆಯ ಒಂದು ಒಗೆತದಿಂದ 7 ಲಕ್ಷಕ್ಕೂ ಹೆಚ್ಚು ಎಳೆಗಳು, ಪಾಲಿಯೆಸ್ಟರಿನಿಂದ ಸುಮಾರು 5 ಲಕ್ಷ ಎಳೆಗಳು ಹೊರಬರಬಹುದು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಎರಡು ಹಂತದ ಸಂಸ್ಕರಣೆ ಬಹುಪಾಲು ಎಳೆಗಳನ್ನು ತಡೆದರೂ ಎಲ್ಲವನ್ನೂ ತಡೆಯದು. ನಗರದವರನ್ನು ಪ್ರಶ್ನಿಸುವ ನಾವು ನಮ್ಮ ಮನೆಯ ಬಚ್ಚಲನ್ನೂ ನೋಡಿಕೊಳ್ಳಬೇಕು. ಫ್ಲೀಸ್ ಹೊದಿಕೆಯನ್ನು ಕೆರೆಕಟ್ಟೆಯಲ್ಲಿ ಒಗೆಯದಿರಿ, ಬ್ರಷ್ ಹಾಕದಿರಿ. ಬಿಸಿಲಿಗೆ ಹಾಕಿ ಕೊಡವಿ ಬಳಸಿ, ತೀರಾ ಕೊಳೆಯಾದಾಗ ಮಾತ್ರ ತಣ್ಣೀರಿನಲ್ಲಿ ಒಗೆಯಿರಿ. ಒಲೆಯ ಹತ್ತಿರ ಅದನ್ನು ಹೊದ್ದು ಕೂರಬೇಡಿ. ಕಿಡಿ ತಾಗಿದರೆ ಕರಗಿ ಮೈಗೆ ಅಂಟುವ ವಸ್ತುವದು.

ಕುರಿ ಉಣ್ಣೆಯ ಕಂಬಳಿಗೆ ಈ ಎರಡು ನಿಯಮಗಳೂ ಸಲ್ಲವು. ಬಿಸಿನೀರಿನಲ್ಲಿ ತಿಕ್ಕಿದರೆ ಉಣ್ಣೆಯ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಗಟ್ಟಿಯಾಗಿ ಕುಗ್ಗುತ್ತದೆ. ತಣ್ಣೀರು, ಅಂಟುವಾಳದ ನೊರೆ, ಹಗುರ ಕೈ, ಇಷ್ಟೇ ಅದಕ್ಕೆ ಬೇಕು.

ಕೊನೆಯದಾಗಿ ಒಂದು ವಿನಂತಿ. ಮುಂದಿನ ಹೊದಿಕೆಗೆ ಬಟ್ಟೆ ಕೊಳ್ಳುವ ಮೊದಲು ಮನೆಯ ಪೆಟ್ಟಿಗೆ ತೆರೆದು ನೋಡಿ. ಅಮ್ಮನ ನೂಲಿನ ಸೀರೆ, ಅಪ್ಪನ ಪಂಚೆ ಅಲ್ಲಿದ್ದರೆ ಅವನ್ನು ನೆನೆಸಬೇಕಾಗಿಲ್ಲ, ಅಳೆದು ನೋಡಬೇಕಾಗಿಲ್ಲ. ನನ್ನ ತಂಗಿಯ ಮಗು ಈಗ ಶಾಲೆಗೆ ಹೋಗುತ್ತಿದೆ. ಅದು ಹೊದ್ದು ಮಲಗುವುದು ಆ ಸೊಟ್ಟ ಹೊದಿಕೆಯ ಬದಲಿಗೆ ಅಮ್ಮ ತಮ್ಮ ಮೂರು ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ಕೌದಿಯನ್ನು.