ಕೋಡ್ ಚಿಕ್ಕದಿರಲಿ, ಲೆಕ್ಕ ಚೊಕ್ಕವಿರಲಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ನಮ್ಮ ವಿದ್ಯಾರ್ಥಿವೇತನ ಪಡೆಯುವ ಮಕ್ಕಳಲ್ಲಿ ಹಲವರು ಈಗ ಪೈಥಾನ್ ಕಲಿಯುತ್ತಿದ್ದಾರೆ. 1991ರಲ್ಲಿ ಗಿಡೋ ವಾನ್ ರಾಸಮ್ ಅವರು ಹೊರತಂದ ಈ ಕಂಪ್ಯೂಟರ್ ಭಾಷೆಯನ್ನು ಬಳಸಲು ಹಣ ಕೊಡಬೇಕಿಲ್ಲ. ಕಲಿಯುವವರು “ಪ್ರೋಗ್ರಾಂ ಓಡಿತು, ಸಾಕು” ಎಂದು ಅಲ್ಲಿಗೇ ನಿಲ್ಲಬಾರದು. ಓಡುವುದು ಮೊದಲ ಮೆಟ್ಟಿಲು. ಇನ್ನೊಬ್ಬರು ಓದಿ ಪರಿಶೀಲಿಸುವಂತಿರುವುದು ಎರಡನೆಯದು.

ಎಲ್ಲರಿಗೂ ಗೊತ್ತಿರುವ ಲೆಕ್ಕವನ್ನೇ ತೆಗೆದುಕೊಳ್ಳೋಣ. ನಿಸಾಬ್ ತಲುಪಿ ವರ್ಷ ತುಂಬಿದ ಹಣ, ಚಿನ್ನಕ್ಕೆ ಝಕಾತ್ ಶೇಕಡಾ 2.5, ಅಂದರೆ ನಲವತ್ತರಲ್ಲಿ ಒಂದು ಪಾಲು. ಹತ್ತು ಮನೆಗಳ ಝಕಾತ್ ಲೆಕ್ಕಕ್ಕೆ ವಿದ್ಯಾರ್ಥಿಯೊಬ್ಬ ಒಂದೇ ಸೂತ್ರವನ್ನು ಹತ್ತು ಸಲ ನಕಲು ಮಾಡಿದ ಎಂದುಕೊಳ್ಳಿ. ನಿಸಾಬಿನ ಮೊತ್ತ ಚಿನ್ನ, ಬೆಳ್ಳಿಯ ಬೆಲೆಯೊಂದಿಗೆ ಬದಲಾಗುತ್ತದೆ. ಮುಂದಿನ ರಂಝಾನಿನಲ್ಲಿ ಒಂಬತ್ತು ಕಡೆ ತಿದ್ದಿ ಒಂದು ಕಡೆ ಬಿಟ್ಟರೆ ಕಂಪ್ಯೂಟರ್ ಎಚ್ಚರಿಸುವುದಿಲ್ಲ. ಕೊಡಬೇಕಾದವರು ಕೊಡದೆ ಉಳಿಯಬಹುದು. ಕೊಡಬೇಕಿಲ್ಲದವರ ಹೆಸರು ಪಟ್ಟಿಗೆ ಬರಬಹುದು. ಬಡವರ ಹಕ್ಕಿನ ಲೆಕ್ಕ ಹೀಗಾಗಬಾರದು.

ಇದಕ್ಕೆ ಪರಿಹಾರ ಸುಲಭ. ನಿಸಾಬಿನ ಮೊತ್ತವನ್ನು ಪ್ರೋಗ್ರಾಮಿನ ಮೇಲ್ಭಾಗದಲ್ಲಿ ಒಂದೇ ಕಡೆ ಬರೆದು ಅದಕ್ಕೊಂದು ಹೆಸರಿಡಿ. ಸೂತ್ರವನ್ನು ಒಂದು ಫಂಕ್ಷನ್ ಒಳಗೆ ಒಮ್ಮೆ ಮಾತ್ರ ಬರೆಯಿರಿ. ಹತ್ತು ಮನೆಗಳ ಮೊತ್ತವನ್ನು ಒಂದು ಲಿಸ್ಟಿನಲ್ಲಿ ಇಟ್ಟು, ಫಾರ್ ಲೂಪ್ ಮೂಲಕ ಒಂದೊಂದನ್ನೂ ಆ ಫಂಕ್ಷನ್‌ಗೆ ಕೊಡಿ. ಕೋಡ್ ಚಿಕ್ಕದಾಗುತ್ತದೆ, ಮುಂದೆ ತಿದ್ದುವ ಜಾಗವೂ ಒಂದೇ.

ವಿದ್ಯಾರ್ಥಿಗಳಿಗೆ ಇನ್ನೂ ನಾಲ್ಕು ಮಾತು.

ಒಂದು: ಭಾಷೆಯಲ್ಲೇ ಇರುವ ಸಲಕರಣೆ ಬಳಸಿ. ಅಂಕಗಳನ್ನು ಕೂಡಿಸಲು ಲೂಪ್ ಬೇಕಿಲ್ಲ, ಸಮ್ ಇದೆ; ಎಣಿಸಲು ಲೆನ್ ಇದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸರಾಸರಿ ಸಿಕ್ಕಿತು.

ಎರಡು: ಅಂಕ 60 ಅಥವಾ ಹೆಚ್ಚಿದ್ದರೆ ಟ್ರೂ, ಇಲ್ಲದಿದ್ದರೆ ಫಾಲ್ಸ್ ಎಂದು ನಾಲ್ಕು ಸಾಲು ಬರೆಯುವುದು ಬೇಡ. ಹೋಲಿಕೆಯ ಉತ್ತರವೇ ಟ್ರೂ ಅಥವಾ ಫಾಲ್ಸ್. ಅದನ್ನೇ ರಿಟರ್ನ್ ಮಾಡಿ.

ಮೂರು: ಹೆಸರನ್ನು ಮೊಟಕು ಮಾಡಬೇಡಿ. ‘ಎಕ್ಸ್’ ಎಂದರೆ ಏನೂ ತಿಳಿಯದು, ‘ಒಟ್ಟು_ಅಂಕ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಪೈಥಾನ್ 3ರಲ್ಲಿ ಕನ್ನಡ ಅಕ್ಷರದಲ್ಲೇ ಹೀಗೆ ಹೆಸರಿಡಬಹುದು. ಎರಡು ಲೂಪ್, ಮೂರು ಷರತ್ತುಗಳನ್ನು ಒಂದೇ ಸಾಲಿಗೆ ತುರುಕುವುದೂ ಜಾಣತನವಲ್ಲ. ಪೈಥಾನಿನ ಬರವಣಿಗೆಯ ನಿಯಮಾವಳಿಯಾದ ಪೆಪ್ 8 ಒಂದು ಸಾಲಿಗೆ 79 ಅಕ್ಷರಗಳ ಮಿತಿ ಹಾಕಿರುವುದು ಓದುವವರ ಅನುಕೂಲಕ್ಕಾಗಿಯೇ.

ನಾಲ್ಕು: ಮೊದಲು ಸರಿಯಾಗಿ ಓಡಲಿ, ಆಮೇಲೆ ಚಿಕ್ಕದು ಮಾಡಿ. ಹಳೆಯ ಉತ್ತರಗಳನ್ನು ಬರೆದಿಟ್ಟುಕೊಂಡು ಹೊಸದರೊಂದಿಗೆ ಹೋಲಿಸಿ. ಸೊನ್ನೆ ಕೊಟ್ಟು ನೋಡಿ. ನಿಸಾಬಿಗೆ ಒಂದು ರೂಪಾಯಿ ಕಡಿಮೆ, ಸರಿಯಾಗಿ ನಿಸಾಬ್, ಎರಡನ್ನೂ ಕೊಟ್ಟು ನೋಡಿ.

ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಬೀಜಗಣಿತದ ಗ್ರಂಥದಲ್ಲಿ ವಾರಸುದಾರರಿಗೆ ಆಸ್ತಿ ಹಂಚುವ ಲೆಕ್ಕಗಳೂ ಇವೆ. ‘ಅಲ್ಗಾರಿದಮ್’ ಎಂಬ ಪದ ಬಂದದ್ದು ಅವರ ಹೆಸರಿನಿಂದಲೇ. ಹಕ್ಕುದಾರನಿಗೆ ಅವನ ಪಾಲು ಸರಿಯಾಗಿ ಮುಟ್ಟಿಸುವುದು ಅಂದಿನಿಂದಲೂ ಈ ವಿದ್ಯೆಯ ಕೆಲಸ.

ದಾನಿಗಳೇ, ನಿಮ್ಮ ಹಣ ನಮ್ಮ ಬಳಿ ಅಮಾನತ್ತು. ಅದರ ಪ್ರತಿ ರೂಪಾಯಿಯ ಲೆಕ್ಕ ಈ ವರದಿಯಲ್ಲಿ ಹೇಗೆ ಯಾರಿಗೂ ಅರ್ಥವಾಗಬೇಕೋ, ಮಕ್ಕಳು ಬರೆಯುವ ಕೋಡ್ ಕೂಡ ಹಾಗೆಯೇ ಇರಲೆಂದು ಬಯಸುತ್ತೇವೆ. ಅಲ್ಲಾಹನು ಅವರ ಜ್ಞಾನದಲ್ಲಿ ಬರಕತ್ ನೀಡಲಿ. ಆಮೀನ್.