ಮಾತು ಕಡಿಮೆ ಇರುವವರ ಸಂಜೆ



ನವಲಗುಂದ, ಅಣ್ಣಿಗೇರಿ ಕಡೆಯ ಯಾವ ಹಳ್ಳಿಗಾದರೂ ಹೋಗಿ, ಹೊತ್ತು ಮುಳುಗುವಾಗ ಒಬ್ಬರೇ ಕಟ್ಟೆಯ ಮೇಲೆ ಕೂತು ನೋಡಿ. ಯಾರಾದರೂ ಬಂದು ಕೇಳಿಯೇ ಕೇಳುತ್ತಾರೆ: “ಯಾಕ್ರೀ, ಒಬ್ರ ಕುಂತೀರಿ? ಮೈಯಾಗ ಆರಾಮ ಇಲ್ಲೇನು?” ಅಕ್ಕರೆಯ ಮಾತೇ, ಅನುಮಾನವಿಲ್ಲ. ಆದರೆ ದಿನವಿಡೀ ಅಂಗಡಿಯಲ್ಲೋ ಸಾಲಿಯಲ್ಲೋ ಮಂದಿಯ ಜೊತೆ ಮಾತಾಡಿ ದಣಿದವರಿಗೆ, ಅದಕ್ಕೆ ಉತ್ತರ ಹೇಳುವುದೇ ಮತ್ತೊಂದು ದುಡಿಮೆ. ಸುಮ್ಮನಿದ್ದರೆ ಜಡ್ಡು, ಇಲ್ಲವೇ ಸಿಟ್ಟು ಎಂದೇ ನಮ್ಮೂರಿನ ಲೆಕ್ಕ.

ಹಾಗೆಂದು ಇಂಥವರಿಗೆ ಊರು ಜಾಗ ಕೊಟ್ಟೇ ಇಲ್ಲ ಎನ್ನುವಂತಿಲ್ಲ. ಗ್ವಾದಲಿಗೆ ಕಣಕಿ ಹಾಕಿ, ಎತ್ತಿನ ಮೈ ತಿಕ್ಕುತ್ತ ನಿಂತವನನ್ನು ಯಾರೂ ತಡವುವುದಿಲ್ಲ. ಸಂಜೆ ಮಿಂದು, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತವರನ್ನು ಮನೆಯ ಮಕ್ಕಳೂ ಮಾತಾಡಿಸುವುದಿಲ್ಲ. ಇನ್ನು ಗುಡಿಯ ಭಜನೆಯಲ್ಲಿ ತಾಳ ಹಾಕುವವನನ್ನು ನೋಡಿ. ಪೇಟಿಯವನು ಶ್ರುತಿಗೆ ಜಗಳ ತೆಗೆಯುತ್ತಾನೆ, ಹಾಡುವವರು ಯಾವ ಪದ ಮೊದಲೆಂದು ವಾದ ಹೂಡುತ್ತಾರೆ. ಇವನು ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಅರೆಮುಚ್ಚಿ, ತನ್ನ ಪೆಟ್ಟು ಬರುವುದನ್ನು ಕಾಯುತ್ತಾನೆ. ಸುತ್ತ ಹತ್ತಾರು ಮಂದಿ. ಅವನು ಒಂದು ಮಾತೂ ಆಡಬೇಕಿಲ್ಲ. ಮಾತು ಬೇಡ ಎನ್ನುವವರಿಗೆಲ್ಲ ಮಂದಿ ಬೇಡವಾಗಿರುತ್ತಾರೆ ಎಂದು ನಾವು ಸುಮ್ಮನೆ ತಿಳಿದಿದ್ದೇವೆ.

ಈ ಮೂವರಿಗೂ ಸಂಜೆಗೆಂದು ಗೊತ್ತಾದ ಒಂದು ಕೆಲಸವಿದೆ. ಕುಂದಗೋಳದಲ್ಲಿ 1930ರ ದಶಕದಲ್ಲಿ ಗುರು ಸವಾಯಿ ಗಂಧರ್ವರ ಬಳಿ ಹಾಡುಗಾರಿಕೆ ಕಲಿಯುತ್ತಿದ್ದ ಭೀಮಸೇನ ಜೋಶಿಯವರಿಗೆ ಮುಖ್ಯವಾಗಿ ಸಿಕ್ಕಿದ್ದು ಮೂರು ರಾಗಗಳ ಪಾಠ: ಬೆಳಿಗ್ಗೆಗೆ ತೋಡಿ, ಮಧ್ಯಾಹ್ನಕ್ಕೆ ಮುಲ್ತಾನಿ, ಸಂಜೆಗೆ ಪೂರಿಯಾ. ಗಾಯಕರಾಗಲು ಹೊರಟವರ ಕಠಿಣ ಸಾಧನೆ ಅದು, ನಮ್ಮ ಸಂಜೆಗೆ ಅಷ್ಟು ಬೇಕಿಲ್ಲ. ಆದರೂ ಸಂಜೆಗೆ ಒಂದೇ ರಾಗ ಎಂಬ ಕಟ್ಟು ನನಗೆ ಹಿಡಿಸುತ್ತದೆ. ಇವತ್ತೇನು ಮಾಡಲಿ ಎಂದು ಆರಿಸುವ ಗೊಂದಲವೇ ಇಲ್ಲ. ಹೊತ್ತಾಯಿತು, ಕೈ ತಾನೇ ಆ ಕೆಲಸಕ್ಕೆ ಹೋಗುತ್ತದೆ. ಮೊಬೈಲ್ ಹಿಡಿದು ಮೂಲೆ ಸೇರಿದರೆ ಈ ನೆಮ್ಮದಿ ಸಿಗದು. ವಾಟ್ಸಾಪಿನೊಳಗೆ ಇಡೀ ಊರೇ ಕಟ್ಟೆ ಹಾಕಿಕೊಂಡು ಕೂತಿರುತ್ತದೆ.

ಹೆಣ್ಣುಮಕ್ಕಳ ಪಾಡು ಬೇರೆ. ಸಂಜೆಯೆಂದರೆ ಅವರಿಗೆ ಒಲೆ, ಹಂಚು, ರೊಟ್ಟಿ. ಮೂಲೆಯಲ್ಲಿ ಕೂತು ಜೋಳದ ಹಳ್ಳು ಆರಿಸುವ ಅರ್ಧ ತಾಸೇ ಅವರ ಏಕಾಂತ. ಅದೂ ಕೆಲಸದ ಲೆಕ್ಕಕ್ಕೇ ಜಮಾ. ಮನೆಯಲ್ಲಿ ಮಾತು ಕಡಿಮೆಯ ಸೊಸೆ ಇದ್ದರೆ, ಇವತ್ತು ಸಂಜೆ “ಏನಾತವಾ?” ಎಂದು ಕೇಳುವ ಬದಲು ಹಂಚಿನ ಮುಂದೆ ಮಗನನ್ನು ಕೂರಿಸಿ. ರೊಟ್ಟಿ ದುಂಡಗೆ ಬರಲಿಕ್ಕಿಲ್ಲ, ನಡೆಯುತ್ತದೆ.