ಮಗು ಹಿಂತಿರುಗಿ ಬರಬಲ್ಲ ಮನೆ

(ಶತಮಾನೋತ್ಸವದ ಅಂಗವಾಗಿ ಏರ್ಪಾಡಾಗಿದ್ದ ಪೋಷಕರ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳನ್ನು ಪೂರೈಸಿರುವ ಈ ದೇವಾಲಯದ ಆವರಣದಲ್ಲಿ ನಿಂತು ಮಾತನಾಡುವಾಗ ನಮ್ಮ ಹಿರಿಯರ ನೆನಪು ಬಾರದಿರದು. ಅವರ ಮಕ್ಕಳನ್ನು ಕಾಡಿದ ಅಪಾಯಗಳಿಗೆ ಸಿಡುಬು, ಪ್ಲೇಗು, ಬರಗಾಲ ಎಂಬ ಹೆಸರುಗಳಿದ್ದವು. ಅವು ಬಂದಾಗ ಊರಿಗೆ ಊರೇ ಅರಿಯುತ್ತಿತ್ತು, ಒಟ್ಟಾಗಿ ಜಪಸರ ಹಿಡಿಯುತ್ತಿತ್ತು. ಇಂದಿನ ಅಪಾಯವೊಂದು ಮಗುವಿನ ಅಂಗೈಯಲ್ಲೇ ಇದ್ದು, ಪಕ್ಕದಲ್ಲಿ ಕುಳಿತ ತಂದೆತಾಯಿಗಳ ಕಣ್ಣಿಗೂ ಬೀಳುವುದಿಲ್ಲ. ಅಂತರ್ಜಾಲದ ಈ ಯುಗದಲ್ಲಿ ನಮ್ಮ ಮಕ್ಕಳ ಮನಸ್ಸಿನ ಆರೋಗ್ಯ ಮತ್ತು ಸುರಕ್ಷತೆಯನ್ನು ಕುರಿತು ಕೆಲವು ವಿಚಾರಗಳನ್ನು ತಮ್ಮ ಮುಂದಿಡಲು ಅವಕಾಶವಿತ್ತ ಗುರುಗಳಿಗೂ ಶತಮಾನೋತ್ಸವ ಸಮಿತಿಗೂ ನಾನು ಆಭಾರಿ.

ಮೊಬೈಲು ಸೈತಾನನ ಸಾಧನವೆಂದು ಶಪಿಸಿ ಕೈತೊಳೆದುಕೊಳ್ಳುವುದು ಸುಲಭ. ಧರ್ಮಸಭೆ ಹಾಗೆ ಮಾಡಲಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ 'ಇಂಟರ್ ಮಿರಿಫಿಕಾ' ಎಂಬ ಆಜ್ಞಾಪತ್ರವು ಪತ್ರಿಕೆ, ಚಲನಚಿತ್ರ, ಆಕಾಶವಾಣಿ, ದೂರದರ್ಶನಗಳನ್ನು ಅದ್ಭುತ ಆವಿಷ್ಕಾರಗಳೆಂದೇ ಸ್ವಾಗತಿಸಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಯುವಜನರಿಗಾಗಿ ಬರೆದ 'ಕ್ರಿಸ್ತುಸ್ ವಿವಿತ್' ಪತ್ರದಲ್ಲಿ, ಅಂತರ್ಜಾಲವು ಜನರನ್ನು ಕೂಡಿಸಬಲ್ಲದೆಂದು ಒಪ್ಪುತ್ತಲೇ ಅದು ಒಂಟಿತನಕ್ಕೂ ಶೋಷಣೆಗೂ ಎಡೆಯಾಗಬಲ್ಲದೆಂದು ಎಚ್ಚರಿಸಿದರು. ಜಗದ್ಗುರು ಹದಿನಾಲ್ಕನೆಯ ಲಿಯೋರವರು 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿಸಿದ ಕಾರ್ಲೊ ಅಕ್ಯೂಟಿಸ್, ಪರಮಪ್ರಸಾದದ ಅದ್ಭುತಗಳ ವಿವರಗಳನ್ನು ಅಂತರ್ಜಾಲದಲ್ಲಿ ಒಂದುಗೂಡಿಸಿ, 2006ರಲ್ಲಿ 15ನೆಯ ವಯಸ್ಸಿಗೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಬಾಲಕ. ಆದರೆ 'ಆ ಸಂತರನ್ನು ನೋಡು, ನಿನ್ನನ್ನು ನೋಡು' ಎಂದು ಮಕ್ಕಳನ್ನು ಚುಚ್ಚಲು ಅವರ ಹೆಸರನ್ನು ಬೆತ್ತವಾಗಿ ಬಳಸುವುದು ಬೇಡ. ಈ ಯಂತ್ರವನ್ನು ಮಕ್ಕಳ ಕೈಗೆ ಕೊಟ್ಟವರು ನಾವೇ. 2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಪಾಠ ಬಂದದ್ದೇ ಅದರ ಮೂಲಕ.

ಹಾಗಾದರೆ ಚಟ ಯಾವುದು, ಬಳಕೆ ಯಾವುದು? ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಯು 2022ರ ಜನವರಿ 1ರಂದು ಜಾರಿಗೆ ಬಂದಿತು. ವಿಡಿಯೋ ಆಟದ ವ್ಯಸನಕ್ಕೆ ಅದರಲ್ಲಿ ಸ್ಥಾನವಿದೆ. ಇಷ್ಟು ಗಂಟೆ ಆಡಿದರೆ ರೋಗ ಎಂದು ಅದು ಹೇಳುವುದಿಲ್ಲ. ಆಟದ ಮೇಲೆ ಹತೋಟಿ ತಪ್ಪುವುದು, ಊಟ, ನಿದ್ರೆ, ಓದು, ಸ್ನೇಹಗಳಿಗಿಂತ ಆಟವೇ ಮೇಲಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷ ಕಾಲ ಕಂಡುಬಂದರೆ ಅದು ವ್ಯಸನ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯವನ್ನು ತೆರೆಯಿತು. 'ಆರೋಗ್ಯಕರ ಬಳಕೆ' ಎಂಬ ಆ ಮಾತನ್ನು ಗಮನಿಸಬೇಕು. ಪರೀಕ್ಷೆಯ ಭಯ, ಸಹಪಾಠಿಗಳ ಅಪಹಾಸ್ಯ, ಮನೆಯೊಳಗಿನ ಜಗಳ, ಖಿನ್ನತೆ ಇವುಗಳಿಂದ ತಪ್ಪಿಸಿಕೊಳ್ಳಲು ಎಷ್ಟೋ ಮಕ್ಕಳು ಆ ಪುಟ್ಟ ಪರದೆಯೊಳಗೆ ಅಡಗುತ್ತಾರೆ. ಮೊಬೈಲನ್ನು ಕಸಿದುಕೊಂಡ ಮಾತ್ರಕ್ಕೆ ಒಳಗಿನ ನೋವು ಹೋಗುವುದಿಲ್ಲ.

ಇದಕ್ಕಿಂತಲೂ ಭೀಕರವಾದ ಇನ್ನೊಂದು ಅಪಾಯವಿದೆ. ಸಭೆಯಲ್ಲಿ ಹೇಳಲು ಸಂಕೋಚವೆನಿಸಿದರೂ ಹೇಳಲೇಬೇಕು. ಅಪರಿಚಿತನೊಬ್ಬ ಸುಳ್ಳು ಹೆಸರು, ಸುಳ್ಳು ಭಾವಚಿತ್ರಗಳಿಂದ ಇನ್‌ಸ್ಟಾಗ್ರಾಮಿನಲ್ಲೋ ಆಟದ ಮಧ್ಯದಲ್ಲೋ ಹುಡುಗನ ಅಥವಾ ಹುಡುಗಿಯ ಸ್ನೇಹ ಬೆಳೆಸುತ್ತಾನೆ. ಸವಿಮಾತುಗಳಿಂದ ನಂಬಿಕೆ ಗಳಿಸಿ ನಗ್ನಚಿತ್ರವೊಂದನ್ನು ಪಡೆಯುತ್ತಾನೆ, ಇಲ್ಲವೇ ವಿಡಿಯೋ ಕರೆಯನ್ನು ಗುಟ್ಟಾಗಿ ಮುದ್ರಿಸಿಕೊಳ್ಳುತ್ತಾನೆ. ಈಗಂತೂ ಸಾಧಾರಣ ಭಾವಚಿತ್ರದಿಂದಲೇ ಕೃತಕ ಬುದ್ಧಿಮತ್ತೆಯ ಮೂಲಕ ಅಂಥ ಚಿತ್ರವನ್ನು ಹುಟ್ಟಿಸುವುದೂ ಸಾಧ್ಯವಾಗಿದೆ. ಆಮೇಲೆ ಬೆದರಿಕೆ ಆರಂಭ: 'ಹಣ ಕೊಡು, ಇಲ್ಲವಾದರೆ ನಿನ್ನ ತಂದೆತಾಯಿಗೂ ಸ್ನೇಹಿತರಿಗೂ ಕಳುಹಿಸುತ್ತೇನೆ.' ಹಣ ಕೊಟ್ಟರೆ ಬೇಡಿಕೆ ನಿಲ್ಲುವ ಬದಲು ಬೆಳೆಯುತ್ತದೆ. ಈ ವಂಚಕನ ನಿಜವಾದ ಆಯುಧ ಆ ಚಿತ್ರವೆಂದು ತಾವು ಭಾವಿಸಬಹುದು. ಅವನ ಆಯುಧ ನಮ್ಮ ಮೇಲಿನ ಭಯ. 'ಅಪ್ಪನಿಗೆ ತಿಳಿದರೆ ಕೊಂದೇಬಿಡುತ್ತಾರೆ' ಎಂದು ಮಗು ನಂಬಿರುವಷ್ಟು ಕಾಲ ಅದು ಅವನ ಸೆರೆಯಾಳು. ತಂದೆಗೆ ಹೇಳಿಕೊಂಡ ಕ್ಷಣದಲ್ಲಿ ಸೆರೆಮನೆಯ ಬಾಗಿಲು ಅರ್ಧ ತೆರೆದಂತೆ.

ಆದ್ದರಿಂದ ಮಗು ಬಾಯಿಬಿಟ್ಟ ಮೊದಲ ಗಳಿಗೆಯಲ್ಲಿ ನಮ್ಮ ನಡತೆ ಬಹು ಮುಖ್ಯ. ಹೊಡೆಯಬಾರದು, ಬೈಯಬಾರದು, 'ನಮ್ಮ ಮಾನ ಕಳೆದೆ' ಎನ್ನಬಾರದು. 'ನನಗೆ ಹೇಳಿದ್ದು ಒಳ್ಳೆಯದಾಯಿತು, ಇದು ನಿನ್ನ ತಪ್ಪಲ್ಲ, ನಾನು ನಿನ್ನ ಜೊತೆಗಿದ್ದೇನೆ' ಎನ್ನಬೇಕು. ಹಣ ಕೊಡಬಾರದು. ಬೆದರಿಕೆಯ ಸಂದೇಶಗಳನ್ನೂ ಆ ಖಾತೆಯ ಹೆಸರನ್ನೂ ಅಳಿಸದೆ ಉಳಿಸಿಕೊಳ್ಳಬೇಕು. ಮಗುವಿನ ಚಿತ್ರವನ್ನು ಮಾತ್ರ ಸಲಹೆ ಕೇಳುವ ನೆಪದಿಂದಲೂ ಯಾರಿಗೂ ಕಳುಹಿಸಕೂಡದು. ಸೈಬರ್ ವಂಚನೆಗೆ 1930, ಮಕ್ಕಳ ಸಹಾಯವಾಣಿಗೆ 1098, ಈ ಎರಡು ಸಂಖ್ಯೆಗಳನ್ನು ದಯವಿಟ್ಟು ಇಂದೇ ಮನೆಯ ಗೋಡೆಯ ಮೇಲೆ ಬರೆದಿಡಿ. ಹದಿನೆಂಟು ತುಂಬದವರ ಅಂಥ ಚಿತ್ರಗಳು ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ 2023ರಿಂದ ಇದೆ. ಅದಕ್ಕೆ ಚಿತ್ರವನ್ನು ಕಳುಹಿಸಬೇಕಾಗಿಲ್ಲ. ಚಿತ್ರದ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ನಮ್ಮ ಯಂತ್ರದಿಂದ ಹೊರಗೆ ಹೋಗುತ್ತದೆ.

ಇಲ್ಲಿ ಮಾನಸಿಕ ಆರೋಗ್ಯ ಸೇವೆಯ ಒಂದು ನಿಯಮವನ್ನು ಉಪಾಧ್ಯಾಯರೂ ಜ್ಞಾನೋಪದೇಶಕರೂ ಅರಿತಿರಬೇಕು. 'ಹೇಳು, ಯಾರಿಗೂ ಹೇಳುವುದಿಲ್ಲ' ಎಂದು ಮಗುವಿಗೆ ಭಾಷೆ ಕೊಡಬಾರದು. ಪಾಪನಿವೇದನೆಯ ಗುಟ್ಟು ಸಂಸ್ಕಾರಕ್ಕೆ ಸೇರಿದ್ದು. ಆಪ್ತಸಮಾಲೋಚನೆಯ ಗುಟ್ಟಿಗೆ ಮೇರೆಯುಂಟು. ಮಗುವಿನ ಪ್ರಾಣಕ್ಕೆ ಅಪಾಯವಿದ್ದಲ್ಲಿ ಅಥವಾ ಅದರ ಮೇಲೆ ದೌರ್ಜನ್ಯ ನಡೆದಿದ್ದಲ್ಲಿ ಸುಮ್ಮನಿರಲಾಗದು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ಗುರುತನ್ನು ಬಯಲುಮಾಡುವುದನ್ನು ಅದೇ ಕಾಯ್ದೆ ನಿಷೇಧಿಸುತ್ತದೆ. ಆದಕಾರಣ ಮೊದಲೇ ಪ್ರಾಮಾಣಿಕವಾಗಿ ಹೀಗೆನ್ನಬೇಕು: 'ನಿನ್ನನ್ನು ಕಾಪಾಡಲು ಯಾರಿಗೆ ತಿಳಿಯಬೇಕೋ ಅವರಿಗೆ ಮಾತ್ರ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ.' ಕೊಟ್ಟ ಮಾತನ್ನು ಮುರಿಯುವ ಹಿರಿಯರಿಗಿಂತ ಕಡಿಮೆ ಮಾತು ಕೊಟ್ಟು ಉಳಿಸಿಕೊಳ್ಳುವವರನ್ನು ಮಕ್ಕಳು ನಂಬುತ್ತಾರೆ.

ಕೆಲವು ಮಕ್ಕಳು ನಾಚಿಕೆಯ ಭಾರ ತಾಳಲಾರದೆ ಬದುಕೇ ಬೇಡವೆಂಬಲ್ಲಿಗೆ ಬಂದುಬಿಡುತ್ತಾರೆ. ಮಾತು ಕಡಿಮೆಯಾಗುವುದು, ನಿದ್ರೆ ಕೆಡುವುದು, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, 'ನಾನಿಲ್ಲದಿದ್ದರೆ ನಿಮಗೆ ಸುಖ' ಎನ್ನುವುದು ಇವನ್ನು ಹಗುರವಾಗಿ ಕಾಣಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಪ್ರೀತಿಯಿಂದ, ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಅಂಥ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಯನ್ನು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಸಂಪರ್ಕಿಸಿ ಕನ್ನಡದಲ್ಲೇ ಮಾತನಾಡಬಹುದು. ಪ್ರಾರ್ಥನೆ ಮಾಡಿಸಿದರೆ ಸಾಕು, ಔಷಧಿ ಬೇಡ ಎನ್ನುವವರಿಗೆ ಒಂದು ಮಾತು: ಮಧುಮೇಹಕ್ಕೆ ಮಾತ್ರೆ ನುಂಗಿ ಪೂಜೆಗೆ ಬರುವ ನಮಗೆ ಖಿನ್ನತೆಗೆ ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯಾಗಿ ಕಾಣಬೇಕಾಗಿಲ್ಲ.

ನಮ್ಮ ಧರ್ಮಸಭೆಯೂ ಈ ನೂರು ವರ್ಷಗಳ ಸುಮಾರಿಗೆ ಬಹು ದೂರ ನಡೆದುಬಂದಿದೆ. 1917ರ ಧರ್ಮಸಭಾ ಕಾನೂನು ಸಂಹಿತೆಯು ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧಾರ್ಮಿಕ ಸಮಾಧಿಯನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಹೀಗೆ ನಿರಾಕರಿಸಲ್ಪಟ್ಟವರ ಪಟ್ಟಿಯಲ್ಲಿ ಅವರು ಇಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು, ಜೀವವು ದೇವರದೆಂಬ ಬೋಧೆಯನ್ನು ಸಡಿಲಿಸದೆಯೇ, ತೀವ್ರವಾದ ಮನೋವ್ಯಥೆಯು ಮನುಷ್ಯನ ಹೊಣೆಯನ್ನು ಕಡಿಮೆ ಮಾಡುವುದೆಂದೂ ಅಂಥವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದೆಂದೂ ಬೋಧಿಸುತ್ತದೆ. ದೇಶದ ಕಾನೂನೂ ಇದೇ ದಿಕ್ಕಿಗೆ ಹೊರಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೊಳಗಾದವರೆಂದೇ ಭಾವಿಸಿ, ಅವರಿಗೆ ಆರೈಕೆ ನೀಡುವ ಹೊಣೆಯನ್ನು ಸರ್ಕಾರದ ಮೇಲಿರಿಸಿದೆ. ಸಂಹಿತೆ ಬದಲಾಯಿತು, ಕಾನೂನು ಬದಲಾಯಿತು. ದೇವಾಲಯದ ಮೆಟ್ಟಿಲ ಮೇಲೆ ನಿಂತು ನೊಂದ ಮನೆಯವರನ್ನು ಕುರಿತು ಪಿಸುಗುಟ್ಟುವ ನಮ್ಮ ನಾಲಿಗೆಯೂ ಬದಲಾಗಬೇಕು.

ಸಂತ ಲೂಕರ ಶುಭಸಂದೇಶದ ದುಂದುಗಾರ ಮಗನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಹಂದಿ ಕಾಯುತ್ತಿದ್ದ ಆ ಮಗನಿಗೆ ಮನೆಗೆ ಮರಳುವ ಧೈರ್ಯ ಎಲ್ಲಿಂದ ಬಂದಿತು? ತನ್ನ ತಂದೆಯ ಮನೆಯಲ್ಲಿ ಕೂಲಿಯಾಳುಗಳಿಗೂ ಹೊಟ್ಟೆತುಂಬ ಅನ್ನವುಂಟೆಂಬುದು ಅವನಿಗೆ ನೆನಪಿತ್ತು. ಆ ತಂದೆ ಎಂಥವನೆಂದು ಅವನು ಬಲ್ಲವನಾಗಿದ್ದ. ಮಗ ತಾನು ಕಲಿತುಬಂದ ಕ್ಷಮಾಪಣೆಯನ್ನು ಹೇಳಿ ಮುಗಿಸುವುದಕ್ಕೆ ಮುಂಚೆಯೇ ತಂದೆ ಓಡಿಹೋಗಿ ಅಪ್ಪಿಕೊಂಡಿದ್ದ. ಮನೆಗೆ ಬಂದರೆ ಏನಾದೀತೆಂಬುದನ್ನು ನಮ್ಮ ಮಕ್ಕಳೂ ಅಪಾಯ ಬರುವುದಕ್ಕೆ ಮೊದಲೇ ಅರಿತಿರಬೇಕು. ಅದನ್ನು ತಿಳಿಸುವ ಕಾಲ ಇಂದಿನ ರಾತ್ರಿಯ ಊಟದ ಹೊತ್ತು. 'ಮಗಾ, ನಿನ್ನಿಂದ ಏನೇ ಆಗಿಹೋದರೂ ಮೊದಲು ನನ್ನ ಬಳಿಗೆ ಬಾ' ಎಂದು ಒಮ್ಮೆ ಬಾಯಿಬಿಟ್ಟು ಹೇಳಿ.

ನಮ್ಮ ಧರ್ಮಕೇಂದ್ರದ ಮುಂದೆಯೂ ಎರಡು ವಿನಂತಿಗಳನ್ನು ಇಡುತ್ತೇನೆ. ಮಕ್ಕಳು ಧೈರ್ಯವಾಗಿ ಮಾತನಾಡಬಹುದಾದ, ತರಬೇತಿ ಪಡೆದ ಒಬ್ಬ ಸ್ತ್ರೀಯೂ ಒಬ್ಬ ಪುರುಷನೂ ಇಲ್ಲಿರಲಿ. ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುವ ತರಗತಿಗಳಲ್ಲಿ ಈ ವಿಷಯಕ್ಕೊಂದು ಪಾಠವಿರಲಿ. ಹಿರಿಯರು ಕಲ್ಲಿನಿಂದ ಕಟ್ಟಿಕೊಟ್ಟ ಈ ಮನೆ ಮುಂದಿನ ನೂರು ವರ್ಷಗಳಲ್ಲಿ ನೊಂದ ಪ್ರತಿಯೊಂದು ಮಗುವಿಗೂ ಹಿಂತಿರುಗಿ ಬರಬಲ್ಲ ಮನೆಯಾಗಲಿ. ಬಾಲಯೇಸುವನ್ನು ಮೂರು ದಿನ ಕಾಣದೆ ತಳಮಳಿಸಿ ಹುಡುಕಿದ ದೇವಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಮ್ಮೆಲ್ಲ ತಂದೆತಾಯಿಗಳಿಗಾಗಿ ಪ್ರಾರ್ಥಿಸಲಿ.